ಸ್ಥಿತಿ: ಹುಚ್ಚಯ್ಯ

ರವಿಕುಮಾರನಿಗೆ ಸಿಟ್ಟು ಬರಲು ಕಾರಣವೇನೂ ಬೇಕಾಗಿರಲಿಲ್ಲ. ಆ ಸೋಮವಾರ ಕಾರಣವೂ ಸಿಕ್ಕಿಬಿಟ್ಟಿತು. ನಂಜನಗೂಡಿನ ಮಂಡಿಯಲ್ಲಿ ಬಾಳೆಗೊನೆ ಇಳಿಸಿ, ಖಾಲಿ ಗೂಡ್ಸ್ ಆಟೋವನ್ನು ಗಡಗಡ ಓಡಿಸಿಕೊಂಡು ಗಡಿಬೋರನಹುಂಡಿಗೆ ವಾಪಸು ಬರುವಷ್ಟರಲ್ಲಿ, ಅವನ ಸೋದರಮಾವ ಹುಚ್ಚಯ್ಯನನ್ನು ಸರ್ಕಾರದವರು ಕಾಪಾಡಿಕೊಂಡು ಹೋಗಿಬಿಟ್ಟಿದ್ದರು.

“ಕಾಪಾಡ್ಕಂಡ್ ಓದ್ರು ಅಂದ್ರೆ ಏನವ್ವ ಅರ್ಥ?” ಅಂದ.

ತಾಯಿ ಗೋವಿಂದಮ್ಮ ಖಾಲಿ ಬಿಂದಿಗೆಯನ್ನು ತೊಡೆಯ ಮೇಲೆ ಮಡಗಿಕೊಂಡು ಜಗಲಿಯಲ್ಲಿ ಕೂತಿದ್ದಳು. “ನನ್ನೇನ್ ಕೇಳೀಯೆ. ಗಾಡೀಲಿ ಆರ್ ಜನ ಬಂದ್ರು. ನಿಮ್ಮಾವನ ಕೈಗೆ ಬಾಳೆಅಣ್ಣು ಕೊಟ್ರು. ಮುಂದ್ಗಡೆ ಬ್ಯಾನರ್ ಇಡ್ಕಂಡು ಪೋಟ ತಗದ್ರು. ಅವ್ನೂ ನಗ್ತಾ ನಗ್ತಾ ಗಾಡಿ ಅತ್ಕಂಡ. ವಾಲು ತಿರುಗ್ಸೊ ರಾಡ್ನೂ ತಕ್ಕಂಡೋದ್ರು. ಈಗ ನಲ್ಲೀಲಿ ನೀರಿಲ್ಲ.”

ಹುಚ್ಚಯ್ಯ ಊರಿನ ನೀರುಗಂಟಿ. ಪಂಚಾಯಿತಿ ಟ್ಯಾಂಕಿನಿಂದ ಬೀದಿ ಬೀದಿಗೆ ನೀರು ಬಿಡುವವನು. ಊರಲ್ಲಿ ಹದಿನಾಲ್ಕು ವಾಲ್ವ್‌ಗಳಿದ್ದವು. ಯಾವ ಕಂಟ್ರಾಕ್ಟರು ಯಾವ ಅಮಲಿನಲ್ಲಿ ಹೂಳಿಸಿದನೋ, ವಾಲ್ವ್ ಇರುವ ಜಾಗಕ್ಕೂ ಅದರಿಂದ ನೀರು ಹೋಗುವ ಬೀದಿಗೂ ಸಂಬಂಧವೇ ಇರಲಿಲ್ಲ. ಮಾರಿಗುಡಿ ಮುಂದಿನದನ್ನು ಮುಕ್ಕಾಲು ಸುತ್ತು ಬಿಡಬೇಕು, ಸ್ಕೂಲಿನ ಹಿಂದಿನದನ್ನು ಪೂರ್ತಿ ಬಿಗಿಯಬೇಕು, ಪೈಪಿಗೆ ಕಿವಿಯಿಟ್ಟು ಕೇಳಬೇಕು, ಸದ್ದು ಬದಲಾದ ಮೇಲೆ ಕೆಳಗಿನ ಕೇರಿಯದನ್ನು ತೆಗೆಯಬೇಕು. ಸುತ್ತು ತಪ್ಪಿದರೆ ನೀರು ಪಕ್ಕದ ತಾಲ್ಲೂಕಿಗೆ ಹೋಗಿಬಿಡುತ್ತದೆ. ಪಕ್ಕದ ತಾಲ್ಲೂಕು ದೂರವಿರಲಿಲ್ಲ. ಊರಿನ ಮುಕ್ಕಾಲು ಪಾಲು ನಂಜನಗೂಡಿಗೆ, ಉಳಿದದ್ದು ಟಿ. ನರಸೀಪುರಕ್ಕೆ ಸೇರಿತ್ತು. ಗಡಿಯ ಸರ್ವೆ ಕಲ್ಲು ಮೇಲಿನ ಬೀದಿಯ ಶಿವಸ್ವಾಮಿಯ ಹಿತ್ತಿಲಲ್ಲಿ, ಮನೆಗೂ ಕೊಟ್ಟಿಗೆಗೂ ನಡುವೆ ನಿಂತಿತ್ತು. ಶಿವಸ್ವಾಮಿ ಮಲಗುವುದು ನಂಜನಗೂಡು ತಾಲ್ಲೂಕಿನಲ್ಲಿ, ಅವನ ಹಸು ಮಲಗುವುದು ನರಸೀಪುರ ತಾಲ್ಲೂಕಿನಲ್ಲಿ.

ಈಗ ಎರಡು ತಿಂಗಳಿಂದ ಆ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕದ ಮೇವಿನ ಕೋಣೆಯಲ್ಲಿ ಶಿವಸ್ವಾಮಿಯ ತಂಗಿಯೂ ಮಲಗುತ್ತಿದ್ದಳು. ಹೊರಗಿನಿಂದ ಬೀಗ.

ಪುಟ್ಟಗೌರಮ್ಮನಿಗೆ ನಲವತ್ತು ದಾಟಿತ್ತು. ಹುಟ್ಟಿದಾಗಿನಿಂದ ಬುದ್ಧಿ ನಿಧಾನ, ಮಾತು ಇನ್ನೂ ನಿಧಾನ. ಆದರೆ ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ಬೆಳಿಗ್ಗೆ ಹುಚ್ಚಯ್ಯನ ಹಿಂದೆ ವಾಲ್ವ್ ರಾಡಿನ ಒಂದು ತುದಿ ಹಿಡಿದುಕೊಂಡು ಊರೆಲ್ಲ ಸುತ್ತಿದವಳು. ಮೇಲಿನ ಬೀದಿಯ ಹೆಣ್ಣುಮಗಳು ಕೆಳಗಿನ ಕೇರಿಯವನ ಹಿಂದೆ ತಿರುಗುವುದೇನು ಅಂತ ಮೂತಿ ಸೊಟ್ಟ ಮಾಡಿದವರಿದ್ದರು. “ನಿಮ್ ಮನೇಗೂ ಅವ್ನೇ ತಾನೆ ನೀರ್ ಬುಡೋದು, ಕುಡೀಬ್ಯಾಡಿ ಅಂಗಾರೆ,” ಅಂದು ಅವಳ ತಾಯಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಆ ತಾಯಿ ಹೋದ ವರ್ಷ ತೀರಿಕೊಂಡಳು. ಅಷ್ಟರಲ್ಲಿ ಶಿವಸ್ವಾಮಿಯ ಮಗಳು ಲಿಖಿತಾಗೆ ಒಳ್ಳೆಯ ಸಂಬಂಧ ಕೂಡಿಬಂತು. ಗಂಡಿನ ಕಡೆಯವರು ನೋಡಲು ಬರುವ ದಿನ ತಂಗಿಯನ್ನು ಒಂದು ಗಂಟೆ ಮಟ್ಟಿಗೆ ಒಳಗೆ ಕೂರಿಸಿದರು. ಆ ಒಂದು ಗಂಟೆ ಎರಡು ತಿಂಗಳಾಗಿತ್ತು. ಕೇಳಿದವರಿಗೆ, “ಚಿಕ್ಕಯ್ಯನಛತ್ರದಲ್ಲಿ ನಂಟರ ಮನೇಲವಳೆ,” ಅನ್ನುತ್ತಿದ್ದ ಶಿವಸ್ವಾಮಿ. ಈ ಗುರುವಾರ ನಿಶ್ಚಿತಾರ್ಥ. ಅದು ಮುಗಿದ ಮೇಲೆ ಅವಳನ್ನು ಯಾವುದೋ ದೂರದ ಆಶ್ರಮಕ್ಕೆ ಸಾಗಿಸುವ ಮಾತು ನಡೆದಿತ್ತು.

ಊರಿಗೆಲ್ಲ ಗೊತ್ತಿತ್ತು. ಊರು ಬಾಯಿ ಬಿಡಲಿಲ್ಲ. ರವಿಕುಮಾರನ ಮೈ ಉರಿಯುತ್ತಿದ್ದದ್ದೇ ಅದಕ್ಕೆ.

ಹುಚ್ಚಯ್ಯನಿಗೆ ಗೊತ್ತಾದದ್ದು ಪೈಪಿನಿಂದ. ನೀರು ಬಿಟ್ಟಾಗ ಅವನು ರಾಡಿನಿಂದ ಪೈಪಿನ ಮೇಲೆ ಮೂರು ಸಲ ಬಡಿಯುತ್ತಿದ್ದ, ಬಿಂದಿಗೆ ಇಡಿ ಅಂತ ಹೆಂಗಸರಿಗೆ ಸೂಚನೆ. ಒಂದು ದಿನ ಶಿವಸ್ವಾಮಿಯ ಹಿತ್ತಿಲ ಗೋಡೆಯ ಪಕ್ಕ ಬಡಿದಾಗ ಕೊಟ್ಟಿಗೆಯ ಒಳಗಿನಿಂದ ಟಣ್ ಟಣ್ ಟಣ್ ಅಂತ ಉತ್ತರ ಬಂತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟ. ಅವತ್ತು ಕೆಳಗಿನ ಕೇರಿಗೆ ಒಂದು ಗಂಟೆ ಜಾಸ್ತಿ ನೀರು ಬಂತು.

ಅರ್ಜಿ ಬರೆದವನು ರವಿಕುಮಾರ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದರೂ ಅವನ ಅಕ್ಷರ ಮುತ್ತಿನಂತಿತ್ತು. ದಿಕ್ಕಿಲ್ಲದವರನ್ನು ಕಾಪಾಡಲು ಪೊಲೀಸು, ಆಸ್ಪತ್ರೆ, ಪಂಚಾಯಿತಿ, ವಿಕಲಚೇತನರ ಇಲಾಖೆ ಹೀಗೆ ಆರು ಇಲಾಖೆ ಸೇರಿ ‘ಆಸರೆ ಸಮನ್ವಯ ಸಮಿತಿ’ ಅಂತ ತಾಲ್ಲೂಕಿಗೊಂದು ಮಾಡಿದ್ದಾರೆ, ಅಲ್ಲಿಗೆ ಕೊಡೋಣ ಅಂತ ಅವನೇ ಮಾವನನ್ನು ಒಪ್ಪಿಸಿದ್ದ. ಹುಚ್ಚಯ್ಯ ಒಂದೇ ಒಂದು ಷರತ್ತು ಹಾಕಿದ.

“ಎಣ್ಮಗಳ ಎಸರು ಕಾಗದದಲ್ಲಿ ಬರೀಬ್ಯಾಡ ಕಣ್ಲಾ. ಪೋಲೀಸ್ನೋರೆಲ್ಲ ಓದ್ತರೆ. ಮರ್ವಾದಿ.”

“ಎಸ್ರಿಲ್ದೆ ಎಂಗ್ ಮಾವ ಬರೆಯೋದು?”

“ಒಂದ್ ಜೀವ ಅಂತ ಬರಿ.”

ರವಿಕುಮಾರ ಬರೆದ: ‘ನಮ್ಮ ಊರಿನಲ್ಲಿ ಬುದ್ಧಿ ಸ್ವಲ್ಪ ಕಮ್ಮಿ ಇರುವ ಒಂದು ಜೀವವನ್ನು ಮನೆಯವರೇ ಎರಡು ತಿಂಗಳಿಂದ ಕೂಡಿ ಹಾಕಿದ್ದಾರೆ. ತಾವು ಬಂದು ಕಾಪಾಡಬೇಕು. ಇಂತಿ, ಹುಚ್ಚಯ್ಯ.’

ಓದಿ ಇಬ್ಬರಿಗೂ ತೃಪ್ತಿಯಾಗಿತ್ತು. ಇಡೀ ಕಾಗದದಲ್ಲಿ ಇದ್ದದ್ದು ಒಂದೇ ಹೆಸರು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಸಮಿತಿಯ ಗಾಡಿ ಬಂದಾಗ ಹುಚ್ಚಯ್ಯ ವಾಲ್ವ್ ಗುಂಡಿಯಲ್ಲಿ ಎದೆಮಟ್ಟ ಇಳಿದು, ಪೈಪಿಗೆ ಕಿವಿಯಿಟ್ಟು, “ಬಾರವ್ವ, ಬಾ, ಇನ್ನೊಂಚೂರು ಬಾ,” ಅಂತ ಯಾರನ್ನೋ ಕರೆಯುತ್ತಿದ್ದ. ಕೈಯಲ್ಲಿ ಕಬ್ಬಿಣದ ರಾಡು. ಮುಂದಿನದನ್ನು ಗೋವಿಂದಮ್ಮ ಕಣ್ಣಾರೆ ಕಂಡಿದ್ದಳು.

“ನೀವೇನಾ ಹುಚ್ಚಯ್ಯ?” ಅಂತ ಸಮಿತಿಯ ಸಂಚಾಲಕ ನಂಜುಂಡಸ್ವಾಮಿಯವರು ಮೆಲುದನಿಯಲ್ಲಿ ಕೇಳಿದರಂತೆ.

“ಊ ಸಾ, ನಾನೇಯ.”

“ನಿಮ್ಮನ್ನ ಯಾರು ಕೂಡಿ ಹಾಕಿದಾರೆ?”

“ನನ್ಯಾಕ್ ಸಾ ಕೂಡಾಕ್ತರೆ? ಅವಳ್ನ ಕೂಡಾಕವ್ರೆ.”

“ಯಾರನ್ನ?”

ಹುಚ್ಚಯ್ಯ ಸುತ್ತ ನೋಡಿದ. ಜನ ಸೇರಿದ್ದರು, ಶಿವಸ್ವಾಮಿಯೂ ನಿಂತಿದ್ದ. ಹುಚ್ಚಯ್ಯ ದನಿ ತಗ್ಗಿಸಿ ಹೇಳಿದ: “ಎಸರು ಏಳಂಗಿಲ್ಲ ಸಾ. ಆದ್ರೆ ದಿನಾ ಪೈಪಲ್ಲಿ ನಂಗೆ ಉತ್ರ ಕೊಡ್ತಳೆ.”

ಅಷ್ಟು ಸಾಕಾಯಿತು. ಹೇಳಿಕೆ ತೆಗೆದುಕೊಳ್ಳಲು ಕರೆಯುತ್ತಿದ್ದಾರೆ ಅಂದುಕೊಂಡು ಅವನು ಬಾಳೆಹಣ್ಣು ತಿನ್ನುತ್ತ ಗಾಡಿ ಹತ್ತಿದ. ಸಂಜೆಯ ಹೊತ್ತಿಗೆ ಮೈಸೂರಿನ ಹೊರಗಿನ ಒಂದು ಆಸರೆ ಮನೆ ಮುಟ್ಟಿದ್ದ.

ಮಂಗಳವಾರ ಬೆಳಿಗ್ಗೆ ರವಿಕುಮಾರ ನಂಜನಗೂಡಿನಲ್ಲಿ ಸಮಿತಿಯ ಕೋಣೆಗೆ ನುಗ್ಗಿದ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದ. ನಂಜುಂಡಸ್ವಾಮಿಯವರು ಕುರ್ಚಿ ತೋರಿಸಿ, ನೀರು ಕೊಟ್ಟು, ಕಾಫಿ ಹೇಳಿದರು. ಇಂಥ ಮನುಷ್ಯನಿಗೆ ಬೈಯುವುದು ಬಲು ಕಷ್ಟ.

“ನಮ್ಮಾವ ಉಚ್ಚ ಅಲ್ಲ ಸಾ. ಉಚ್ಚಯ್ಯ ಅನ್ನೋದು ಎಸರು.”

“ಹೆಸರಿನ ಕಾಲಂನಲ್ಲಿ ಅದೇ ಇದೆಯಲ್ಲಪ್ಪ.”

“ಸ್ಥಿತಿ ಅನ್ನೋ ಕಾಲಂನಲ್ಲಿ?”

ನಂಜುಂಡಸ್ವಾಮಿಯವರು ಟ್ಯಾಬಿನಲ್ಲಿ ನೋಡಿದರು. “ಅಲ್ಲೂ ಅದೇ ಇದೆ. ಎರಡೂ ತಾಳೆ ಆಗ್ತಿದೆ ನೋಡಿ. ಎಷ್ಟೋ ಕೇಸಲ್ಲಿ ತಾಳೆನೇ ಆಗಲ್ಲ.”

“ಅಯ್ಯೋ, ನಮ್ ತಾತನ ಎಸ್ರೂ ಉಚ್ಚಯ್ಯ ಸಾ. ಅವರಪ್ಪನೂ ಉಚ್ಚಯ್ಯ.”

“ಓ,” ಅಂದರು ಅವರು ಕನಿಕರದಿಂದ. “ವಂಶದಲ್ಲೇ ಇದೆ ಅನ್ನಿ.” ಅದನ್ನೂ ಟೈಪ್ ಮಾಡು ಅಂತ ಆಪರೇಟರ್‌ಗೆ ಸನ್ನೆ ಮಾಡಿದರು.

ರವಿಕುಮಾರ ಕಾಫಿಯ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಬಿಡುಗಡೆ ಮಾಡಿ ಅಂದ. ಮಾಡಬಹುದು, ಆದರೆ ಆರೂ ಇಲಾಖೆ ಸೇರಿ ಒಳಗೆ ಕಳಿಸಿದವರನ್ನು ಆರೂ ಇಲಾಖೆ ಸೇರಿಯೇ ಹೊರಗೆ ತರಬೇಕು, ಒಬ್ಬರು ರಜೆ, ಒಬ್ಬರು ಹೆಮ್ಮರಗಾಲದಲ್ಲಿ ಅರಿವು ಕಾರ್ಯಕ್ರಮಕ್ಕೆ ಹೋಗಿದ್ದಾರೆ, ಶನಿವಾರದ ಹೊತ್ತಿಗೆ ನೋಡೋಣ ಅಂದರು. ಗಡಿಬೋರನಹುಂಡಿಯ ಪ್ರಕರಣ ಸುಖಾಂತ್ಯವಾಗಿದೆ ಅಂತ ಫೈಲು ಮುಚ್ಚಿಯೂ ಆಗಿತ್ತು.

ಮೂಲೆಯಲ್ಲಿ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹುಡುಗಿಯೊಬ್ಬಳು ಅರ್ಜಿಯನ್ನು ಕೇಳಿ ತೆಗೆದುಕೊಂಡು ಎರಡು ಸಲ ಓದಿದಳು. ಪವಿತ್ರ ಅಂತ ಹೆಸರು. ಕವಲಂದೆ ಕಡೆಯಿಂದ ಹೊಸದಾಗಿ ಬಂದ ಪುನರ್ವಸತಿ ಕಾರ್ಯಕರ್ತೆ, ಅಂಗವಿಕಲರ ಮನೆಮನೆಗೆ ಸ್ಕೂಟರಿನಲ್ಲಿ ತಿರುಗುವವಳು.

“ಅಣ್ಣ,” ಅಂದಳು, “ಇದರಲ್ಲಿ ಕೊನೇಲಿರೋದು ಸಹಿ. ಹಂಗಾದ್ರೆ ಒಳಗಿರೋರು ಯಾರು?”

ಅರ್ಜಿಯನ್ನು ಸರಿಯಾಗಿ ಓದಿ ಆ ಪ್ರಶ್ನೆ ಕೇಳಿದ ಮೊದಲನೆಯವಳು ಅವಳು. ರವಿಕುಮಾರ ಜೋಡಿಸಿಕೊಂಡು ಬಂದಿದ್ದ ಬೈಗುಳವನ್ನೆಲ್ಲ ಮರೆತ. ಹೆಸರು ಹೇಳಿದ. ಕೊಟ್ಟಿಗೆ ಅಂದ. ಗುರುವಾರ ಅಂದ.

“ಕೊಟ್ಟಿಗೆ ನರಸೀಪುರಕ್ಕೆ ಸೇರುತ್ತೆ,” ಅಂದರು ನಂಜುಂಡಸ್ವಾಮಿಯವರು ನಕಾಶೆ ನೋಡಿ. “ನಾವು ಹೋದ್ರೆ ಅತಿಕ್ರಮಣ ಆಗುತ್ತೆ.”

ರವಿಕುಮಾರ, ಪವಿತ್ರ ಇಬ್ಬರೂ ಗೂಡ್ಸ್ ಆಟೋದಲ್ಲಿ ನರಸೀಪುರಕ್ಕೆ ಹೋದರು. ಅಲ್ಲಿನ ಸಮಿತಿಯ ರಂಗಸ್ವಾಮಿಯವರು ಇನ್ನೂ ಒಳ್ಳೆಯವರು, ಬೋಂಡಾವನ್ನೂ ತರಿಸಿದರು. ಎಲ್ಲ ಕೇಳಿಸಿಕೊಂಡು ತಕ್ಷಣ ಹೊರಡೋಣ ಅಂತ ಎದ್ದು ನಿಂತವರು ಒಂದು ಪ್ರಶ್ನೆ ಕೇಳಿದರು.

“ಕೊಟ್ಟಿಗೆ ಬಾಗಿಲು ಯಾವ ಕಡೆಗಿದೆ?”

“ಮನೆ ಕಡೀಕೆ ಸಾ.”

“ಬಾಗಿಲು ಬೀಳೋದು ನಂಜನಗೂಡಲ್ಲಿ ಹಂಗಾರೆ.” ಅವರು ಮತ್ತೆ ಕೂತರು. “ವ್ಯಕ್ತಿ ನಮ್ಮೋರೆ, ಇಲ್ಲ ಅನ್ನಲ್ಲ. ಬಾಗಿಲು ಅವರದು. ಅವರು ಬಾಗಿಲು ತೆಗೆದು ಕೊಡ್ಲಿ, ನಾವು ವ್ಯಕ್ತೀನ ತಗೋತೀವಿ. ಸಮನ್ವಯ ಅಂದ್ರೆ ಅದೇ ಅಲ್ವಾ?”

“ಗೋಡೆ ಒಡೆದ್ರೆ?” ಅಂದ ರವಿಕುಮಾರ.

“ಯಾವ ಗೋಡೆ?” ಅಂದರು ರಂಗಸ್ವಾಮಿಯವರು ನಿಜವಾದ ಆಸಕ್ತಿಯಿಂದ. “ಹಿಂದಿನ ಗೋಡೆ ಪೂರ್ತಿ ನಮಗೆ ಬರುತ್ತೆ.”

ಪವಿತ್ರ ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. “ನಾಳೆ ಬೆಳಿಗ್ಗೆ ಎರಡೂ ಕಡೆಯವರನ್ನ ಒಂದೇ ಟೈಮಿಗೆ ಅಲ್ಲಿಗೆ ತಂದು ನಿಲ್ಲಿಸೋದು ನನ್ನ ಜವಾಬ್ದಾರಿ. ನೀವು ಅಷ್ಟರೊಳಗೆ ಯಾರಿಗೂ ಹೊಡೀಬೇಡಿ ಅಣ್ಣ.”

ಬುಧವಾರ ಬೆಳಿಗ್ಗೆ ಊರಿಗೆ ನೀರಿಲ್ಲದ ಮೂರನೇ ದಿನ. ಪಂಚಾಯಿತಿಯವರು ಕರೆಸಿದ ಪ್ಲಂಬರ್ ಪಾನಾ ಹಾಕಿ ಒಂದು ವಾಲ್ವ್ ತಿರುಗಿಸಿದ. ಬುಸ್ ಅಂತ ಸದ್ದಾಗಿ ಎಲ್ಲರೂ ಬಿಂದಿಗೆ ಹಿಡಿದು ಓಡಿದರು. ನೀರು ನರಸೀಪುರ ತಾಲ್ಲೂಕಿಗೆ ಹರಿದು ಅಲ್ಲಿನ ಎಮ್ಮೆಗಳ ಮೈ ತೊಳೆಯಿತು. ಪ್ಲಂಬರ್ ಇನ್ನೊಂದನ್ನು ತಿರುಗಿಸಿದ. ಸ್ಕೂಲಿನ ಕಕ್ಕಸು ಉಕ್ಕಿತು. ಆಮೇಲೆ ಅವನು ಊಟಕ್ಕೆ ಅಂತ ಹೋದವನು ಬರಲಿಲ್ಲ.

ಎಲ್ಲರಿಗಿಂತ ಹೆಚ್ಚು ಒದ್ದಾಡುತ್ತಿದ್ದವನು ಶಿವಸ್ವಾಮಿ. ನಾಳೆ ಮುನ್ನೂರು ಜನಕ್ಕೆ ಊಟ. ಅಡುಗೆಯವರು ಆಗಲೇ ಬಂದು, ನೀರು ಬರದೆ ಅಕ್ಕಿ ತೊಳೆಯಲ್ಲ ಅಂತ ಕಾಲು ಚಾಚಿ ಕೂತಿದ್ದರು. ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದ ಊರು ಈಗ ಮಾರಿಗುಡಿ ಮುಂದೆ ಸೇರಿ ಅನ್ಯಾಯ ಅನ್ಯಾಯ ಅಂತ ಕೂಗುತ್ತಿತ್ತು. ರವಿಕುಮಾರನಿಗೆ ಅದನ್ನು ನೋಡಿ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

ಪವಿತ್ರ ಮಾತಿಗೆ ತಪ್ಪಲಿಲ್ಲ. ಎರಡು ಗಾಡಿ, ಎರಡು ಬ್ಯಾನರ್, ಆರೂ ಆರೂ ಹನ್ನೆರಡು ಜನ. ಅವಳ ಸ್ಕೂಟರಿನಲ್ಲಿ, ‘ಮಾರಕಾಸ್ತ್ರ’ ಅಂತ ಚೀಟಿ ಅಂಟಿಸಿದ್ದ ವಾಲ್ವ್ ರಾಡು. ಮೂರು ಕಡೆ ಸಹಿ ಹಾಕಿ ಬಿಡಿಸಿಕೊಂಡು ಬಂದಿದ್ದಳು.

ಬಂದವಳೇ ಆಸರೆ ಮನೆಗೆ ಫೋನ್ ಮಾಡಿ, ಊರಿಗೆಲ್ಲ ಕೇಳುವ ಹಾಗೆ ಸ್ಪೀಕರ್ ಹಾಕಿದಳು.

“ಲೋ ಉಚ್ಚಯ್ಯ,” ಅಂದ ಶಿವಸ್ವಾಮಿ ಫೋನಿಗೆ ಬಾಯಿ ಕೊಟ್ಟು. “ಮೊದ್ಲು ಯಾವ್ ವಾಲು, ಆಮೇಲ್ ಯಾವ್ದು, ಬಡಬಡ ಏಳ್ಬುಡು.”

“ಅದು ಬಾಯಲ್ ಏಳಕ್ ಬರಲ್ಲ ಬುದ್ಧಿ. ಕೈಗ್ ಗೊತ್ತು, ಕಿವೀಗ್ ಗೊತ್ತು. ಇಲ್ಲಿ ನಲ್ಲಿಯೆಲ್ಲ ಸೋರ್ತಿದ್ವು, ರಿಪೇರಿ ಮಾಡ್ಕೊಟ್ಟಿವ್ನಿ. ಕಾಫಿ ಚೆನ್ನಾಗ್ ಕೊಡ್ತರೆ.”

“ನಿನ್ ಕಾಫಿ ಕಟ್ಕಂಡು ನಾನೇನ್ ಮಾಡ್ಲಿ? ಇನ್ನ್ಯಾರ್ಗೂ ಗೊತ್ತಿಲ್ವಾ?”

“ಇನ್ನೊಬ್ರಿಗ್ ಗೊತ್ತದೆ. ಅನ್ನೊಂದ್ ವರ್ಸ ಕಲ್ತವ್ರೆ. ರವಿ ಅವ್ನಾ ಅಲ್ಲಿ? ಏನ್ಲಾ ರವಿ, ಎಸರು ಏಳ್ಬುಡ್ಲಾ?”

“ಏಳು ಮಾವ,” ಅಂದ ರವಿಕುಮಾರ. “ಜೋರಾಗೇಳು.”

“ಗೌರವ್ವ.”

ಊರಿನ ಅಷ್ಟೂ ಕಣ್ಣು ಶಿವಸ್ವಾಮಿಯ ಕಡೆ ತಿರುಗಿದವು. “ಚಿಕ್ಕಯ್ಯನಛತ್ರ,” ಅಂತ ಶುರು ಮಾಡಿದ ಅವನು. ಗೋವಿಂದಮ್ಮ ಬಿಂದಿಗೆಯನ್ನು ಸೊಂಟದಿಂದ ಇಳಿಸದೆ, “ಚಿಕ್ಕಯ್ಯನಛತ್ರ ನಿಮ್ ಇತ್ಲಲ್ಲೇ ಅದೆ, ಬನ್ನಿ ತೋರುಸ್ತೀನಿ,” ಅಂದು ಮುಂದೆ ನಡೆದಳು. ಊರು ಹಿಂದೆ ನಡೆಯಿತು.

ಕೊಟ್ಟಿಗೆಯ ಮುಂದೆ ಎರಡು ಸಮಿತಿಗಳೂ ಸರ್ವೆ ಕಲ್ಲಿನ ಆಚೆಗೊಂದು ಈಚೆಗೊಂದು ನಿಂತವು. ಬಾಗಿಲಿನ ರೆಕ್ಕೆ ತೆರೆದುಕೊಳ್ಳುವುದು ಯಾವ ತಾಲ್ಲೂಕಿನ ಮೇಲೆ, ಬೀಗ ಯಾರ ಮಹಜರಿಗೆ ಸೇರಬೇಕು ಅಂತ ಮಾತು ಹತ್ತಿತು. ಯಾರೂ ಕೂಗಾಡಲಿಲ್ಲ, ಎಲ್ಲರೂ “ತಾವೇ ಹೇಳಿ, ಪರವಾಗಿಲ್ಲ,” ಅನ್ನುತ್ತಿದ್ದರು. ಒಳಗಿನಿಂದ ಟಣ್ ಟಣ್ ಟಣ್ ಅಂತ ಕೇಳಿಸಿತು.

ರವಿಕುಮಾರನ ಸಹನೆ ಅಲ್ಲಿಗೆ ಮುಗಿಯಿತು. ಬೀಗ ಒಡೆಯಲು ಕಲ್ಲು ಹುಡುಕಿದ. ಕೈಗೆ ಸಿಕ್ಕಿದ್ದು ಸರ್ವೆ ಕಲ್ಲು. ಅಲ್ಲಾಡಿಸಿ ಅಲ್ಲಾಡಿಸಿ ಅರ್ಧ ಕಿತ್ತೇಬಿಟ್ಟ.

“ಅದನ್ನ ಮುಟ್ಟಬೇಡ,” ಅಂದವು ಎರಡೂ ಸಮಿತಿ, ಹನ್ನೆರಡು ಬಾಯಿಂದ, ಒಂದೇ ಉಸಿರಿನಲ್ಲಿ. ಸಮನ್ವಯ ಅಂದರೇನು ಅಂತ ಗಡಿಬೋರನಹುಂಡಿಗೆ ಗೊತ್ತಾದದ್ದು ಆಗಲೇ.

ಅಷ್ಟರಲ್ಲಿ ಜನರ ನಡುವಿನಿಂದ ಲಿಖಿತಾ ಬಂದಳು. ನಾಳೆ ನಿಶ್ಚಿತಾರ್ಥವಾಗಬೇಕಾದ ಹುಡುಗಿ, ಕೈಯಲ್ಲಿ ಇನ್ನೂ ಹಸಿ ಮೆಹಂದಿ, ಬೆರಳ ತುದಿಯಲ್ಲಿ ಕೀಲಿಕೈ. ಅಮ್ಮನ ಸೆರಗಿನ ಗಂಟಿನಿಂದ ಬಿಚ್ಚಿಕೊಂಡು ಬಂದಿದ್ದಳು.

“ತೆಗೀರಿ ಅಪ್ಪ.”

“ಗಂಡಿನ ಕಡೆಯೋರು ನೋಡುದ್ರೆ ಕಣವ್ವ,” ಅಂದ ಶಿವಸ್ವಾಮಿ. ಅವನ ದನಿಯಲ್ಲಿ ಜೋರಿರಲಿಲ್ಲ. ಹೆದರಿದ ಮನುಷ್ಯನ ದನಿ ಅದು.

“ನೋಡ್ಲಿ. ನೀರಿಲ್ದೆ ಬಂದ್ ಮೇಲೆ ಏನ್ ಕುಡಿಸ್ತೀರಿ ಅವ್ರಿಗೆ?”

ಶಿವಸ್ವಾಮಿಯೇ ಬೀಗ ತೆಗೆದ.

ಪುಟ್ಟಗೌರಮ್ಮ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹೊಸ್ತಿಲಲ್ಲಿ ನಿಂತಳು. ತಲೆಯಲ್ಲಿ ಹುಲ್ಲು, ಕೈಯಲ್ಲಿ ಒಂದು ತಂಬಿಗೆ, ಅಡಿ ಜಜ್ಜಿಹೋಗಿತ್ತು. ಅಷ್ಟು ದಿನ ಅದರಿಂದಲೇ ನಲ್ಲಿ ಪೈಪಿಗೆ ಬಡಿದಿದ್ದಳು. ಹನ್ನೆರಡು ಜನ ಅಧಿಕಾರಿಗಳಲ್ಲಿ ಒಬ್ಬರೂ ಬ್ಯಾನರ್ ಬಿಚ್ಚಲಿಲ್ಲ. ಪವಿತ್ರ ಹತ್ತಿರ ಹೋಗಿ, “ನೀರು ಬಿಡೋಣ್ವಾ ಅಕ್ಕ?” ಅಂದಳು. ಪುಟ್ಟಗೌರಮ್ಮ ತಂಬಿಗೆಯನ್ನು ಅಣ್ಣನ ಕೈಗೆ ಕೊಟ್ಟು ರಾಡನ್ನು ತೆಗೆದುಕೊಂಡಳು. ಇನ್ನೊಂದು ತುದಿ ಖಾಲಿ ಇತ್ತು. ತಿರುಗಿ ನೋಡಿದಳು. ರವಿಕುಮಾರ ಹೋಗಿ ಹಿಡಿದುಕೊಂಡ.

ಮಾರಿಗುಡಿ ಮುಂದೆ ಮುಕ್ಕಾಲು ಸುತ್ತು. ಸ್ಕೂಲಿನ ಹಿಂದೆ ಬಿಗಿ. ಅವಳು ಮಣ್ಣಿನಲ್ಲಿ ಮಲಗಿ ಪೈಪಿಗೆ ಕಿವಿಯಿಟ್ಟಳು. ಊರು ಉಸಿರು ಬಿಗಿಹಿಡಿದು ಅವಳ ಮುಖ ನೋಡುತ್ತಿತ್ತು. “ಬಂತು,” ಅಂದಳು. ಕೆಳಗಿನ ಕೇರಿಯ ನಲ್ಲಿಗಳು ಕೆಮ್ಮಿ, ಉಗುಳಿ, ಸುರಿಯತೊಡಗಿದವು. ಹದಿಮೂರು ವಾಲ್ವ್ ಹೀಗೇ ಆದವು. ಹದಿನಾಲ್ಕನೆಯದು ಮೇಲಿನ ಬೀದಿಯದು, ಅವಳ ಮನೆಯದೇ. ಅದರ ಗುಂಡಿಯ ಅಂಚಿಗೆ ಬಂದು ರಾಡನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

“ತಿರುಗ್ಸವ್ವ,” ಅಂತ ಅಣ್ಣ ಅಂಗಲಾಚಿದ.

“ಉಚ್ಚಯ್ಯ ಬರ್ಲಿ.”

ಅಷ್ಟೇ ಮಾತು. ಅಡುಗೆಯವರು ಬಂದು ಕೇಳಿದರು, ಪಂಚಾಯಿತಿಯವರು ಕೇಳಿದರು, ನಂಜುಂಡಸ್ವಾಮಿಯವರು ಮೆಲುದನಿಯಲ್ಲಿ ಕೇಳಿದರು. “ಉಚ್ಚಯ್ಯ ಬರ್ಲಿ.” ಶನಿವಾರದವರೆಗೆ ಆಗುವುದಿಲ್ಲ ಅಂದಿದ್ದ ಆರು ಸಹಿ ಗೂಡ್ಸ್ ಆಟೋದ ಹಿಂಬದಿಯ ಮೇಲೆ ಕಾಗದ ಹರಡಿ ಇಪ್ಪತ್ತು ನಿಮಿಷದಲ್ಲಿ ಬಿದ್ದವು. ರಜೆಯಲ್ಲಿದ್ದವರೂ, ಹೆಮ್ಮರಗಾಲಕ್ಕೆ ಹೋಗಿದ್ದವರೂ ಅಲ್ಲೇ ನಿಂತು ಸಹಿ ಹಾಕಿದರು. ನರಸೀಪುರದವರು ಕೇಳದಿದ್ದರೂ ಇರಲಿ ಅಂತ ಇನ್ನೂ ಆರು ಸಹಿ ಸೇರಿಸಿದರು.

ಸಂಜೆ ನಾಲ್ಕಕ್ಕೆ ಹುಚ್ಚಯ್ಯ, ತನ್ನನ್ನು ಕಾಪಾಡಿಕೊಂಡು ಹೋಗಿದ್ದ ಗಾಡಿಯಿಂದಲೇ ಇಳಿದ. ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, “ಏನವ್ವ, ಊಟ ಆಯ್ತಾ?” ಅಂದ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿ, ಎದ್ದು, ವಾಲ್ವ್ ತಿರುಗಿಸಿದಳು. ಅವನು ಮೂರು ಸಲ ಬಡಿದ. ಶಿವಸ್ವಾಮಿ ತನ್ನ ನಲ್ಲಿಯ ಬಳಿ, ಜಜ್ಜಿದ ತಂಬಿಗೆಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. ಏನು ಮಾಡಬೇಕೋ ತಿಳಿಯದೆ ಅದನ್ನೇ ನೀರಿಗೆ ಹಿಡಿದ.

ಪವಿತ್ರ ಬೀಗವನ್ನೂ ಬಾಗಿಲಿನ ಚಿಲಕವನ್ನೂ ಸ್ಕ್ರೂ ಸಮೇತ ಬಿಚ್ಚಿಸಿ ಚೀಲಕ್ಕೆ ಹಾಕಿಕೊಂಡಳು. ನಾಳೆ ನಿಶ್ಚಿತಾರ್ಥಕ್ಕೂ ಬರುತ್ತೇನೆ, ಆಮೇಲೆ ವಾರಕ್ಕೊಂದು ಸಲ ಬರುತ್ತೇನೆ, ಆಶ್ರಮದ ಮಾತು ಎತ್ತಿದರೆ ಪೊಲೀಸರ ಜೊತೆ ಬರುತ್ತೇನೆ ಅಂದು, ಇನ್ನು ಕೂಡಿ ಹಾಕುವುದಿಲ್ಲ ಅಂತ ಶಿವಸ್ವಾಮಿಯಿಂದ ಬರೆಸಿಕೊಂಡಳು. ಆಮೇಲೆ ಹೊಸ ಅರ್ಜಿಯನ್ನು ರವಿಕುಮಾರನ ಕೈಗೆ ಕೊಟ್ಟಳು.

“ಈ ಸಲ ಹೆಸರು ಬರೀರಿ ಅಣ್ಣ.”

ಅವನು ಮಾವನ ಮುಖ ನೋಡಿದ. ಹುಚ್ಚಯ್ಯ ತಲೆಯಾಡಿಸಿದ. ರವಿಕುಮಾರ ಮುತ್ತಿನಂಥ ಅಕ್ಷರದಲ್ಲಿ, ಬೇಕೆಂದೇ ದೊಡ್ಡದಾಗಿ ಬರೆದ: ಪುಟ್ಟಗೌರಮ್ಮ. ಸ್ಥಿತಿ ಅನ್ನುವ ಜಾಗದಲ್ಲಿ ಸ್ವಲ್ಪ ಯೋಚಿಸಿ ‘ನೀರುಗಂಟಿ’ ಅಂತ ಬರೆದ.

ಆಪರೇಟರ್ ಗುಂಡಿಯ ಪಕ್ಕದಲ್ಲೇ ನಿಂತು ಅದನ್ನು ಟ್ಯಾಬಿಗೆ ಹತ್ತಿಸುತ್ತಿದ್ದ. ಬೆರಳು ನಿಲ್ಲಿಸಿ ಹುಬ್ಬು ಗಂಟಿಕ್ಕಿದ.

“ಪುಟ್ಟ ಅಂತಿದೆಯಲ್ಲ ಸಾರ್,” ಅಂದ ನಂಜುಂಡಸ್ವಾಮಿಯವರಿಗೆ. “ಇದು ಮಕ್ಕಳ ಇಲಾಖೆಗೆ ಹೋಗಬೇಕಲ್ವಾ?”

ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ರವಿಕುಮಾರ ಟ್ಯಾಬನ್ನು ನೋಡಿದ. ಗುಂಡಿಯನ್ನು ನೋಡಿದ.

“ಬೇಡ ಅಣ್ಣ,” ಅಂದಳು ಪವಿತ್ರ. “ನಾನೇ ತಿದ್ದಿಸ್ತೀನಿ.”